ಹಾಲು ಬಿಡುವ ಕೈ

ಅಮೃತಹಳ್ಳಿಯ ದಾಸಪ್ಪ ಪಾಳು ಬಾವಿಗೆ ಬಿದ್ದು ತೀರಿಕೊಂಡಿದ್ದ. ಮೂರನೆಯ ದಿನ ಹಾಲುತುಪ್ಪ, ಸಮಾಧಿಗೆ ಹಾಲು ಬಿಡುವ ಶಾಸ್ತ್ರ. ಆ ಕ್ಷೇತ್ರದ ಸಚಿವರು ಬರಲಿಲ್ಲ. ಅವರ ಆಪ್ತ ಕಾರ್ಯದರ್ಶಿ ವೆಂಕಟರಾಮಯ್ಯ ಹೂವಿನ ಹಾರ ಹಿಡಿದು ತೋಟದ ಮೂಲೆಯ ಸಮಾಧಿಯ ಬಳಿ ನಿಂತಿದ್ದರು. ಬೇಲಿಯಾಚೆಗೇ ಆ ಬಾವಿ.

ಅದನ್ನು ಮುಚ್ಚಿಸಿಕೊಡಿ ಎಂದು ಬೇಸಿಗೆಯಲ್ಲಿ ಊರವರು ಅರ್ಜಿ ಕೊಟ್ಟಿದ್ದರು. "ಮಾಡ್ಸೋಣ, ಬರ್ದು ಕಳ್ಸಿಬಿಡ್ರೀ" ಎಂದು ಸಚಿವರು ಕಾರು ಹತ್ತುತ್ತಾ ಹೇಳಿದ್ದರು. 'ಬಾವಿ ಮುಚ್ಚಲು ಆದೇಶ ನೀಡಲಾಗಿದೆ' ಎಂದು ಊರವರಿಗೆ ಕಾಗದ ಬರೆಸಿ, ಸಚಿವರ ಪರವಾಗಿ ವೆಂಕಟರಾಮಯ್ಯನವರೇ ಸಹಿ ಹಾಕಿದರು. ಆದೇಶ ಹೊರಟಿತೇ ಎಂದು ವಿಚಾರಿಸಲಿಲ್ಲ. ಅದು ಹೊರಟಿರಲಿಲ್ಲ.

ದಾಸಪ್ಪನ ಅಣ್ಣ ಲಕ್ಕಣ್ಣ ಹಾರ ಇಸಿದುಕೊಂಡ. "ನಿಮ್ ಸಾಹೇಬ್ರು ಕಾಗ್ದ ಕಳ್ಸಿದ್ರು ಸ್ವಾಮಿ. ಮುಚ್ಚಾಕೆ ನಾವೇ ತಂದಿದ್ ಚಪ್ಪಡಿ ಅಂಗೇ ಬಿದ್ದವೆ ನೋಡಿ. ಸರ್ಕಾರದೋರೇ ಮಾಡ್ತಾರಂತೆ, ನಾವ್ಯಾಕೆ ಸೊಂಟ ಮುರ್ಕೊಳ್ಳೋದು ಅಂದ ನನ್ ತಮ್ಮ."

"ಓಟಿನ ಟೈಮಲ್ ಮಾತ್ರ ಮಂತ್ರಿಗೆ ಕಾಲ್ ಬರ್ತವೆ ಬಿಡಣ್ಣ" ಎಂದ ಹಿಂದೆ ನಿಂತಿದ್ದವನೊಬ್ಬ.

ಆ ಬೈಗುಳ ತಮಗಲ್ಲವೆಂದು ವೆಂಕಟರಾಮಯ್ಯನವರಿಗೆ ಹಗುರವಾಯಿತು. ಹಗುರವಾದುದಕ್ಕೇ ನಾಚಿಕೆಯಾಯಿತು. ಬೆಳಿಗ್ಗೆ ದೇವರ ಮುಂದೆ ಕೂತಾಗಲೂ ಮಾತು ಸಾಹೇಬರದು, ಸಹಿಯಷ್ಟೇ ನನ್ನದು ಎಂದುಕೊಂಡು ಜಪ ತಪ್ಪಿತ್ತು.

ದಾಸಪ್ಪನ ಹೆಂಡತಿ ಕೃಷ್ಣಮ್ಮ ಹಾಲು ಬಿಟ್ಟು ಎದ್ದಳು. ನೆಂಟರು ಬಿಟ್ಟರು. ಚೊಂಬು ವೆಂಕಟರಾಮಯ್ಯನವರ ಕೈಗೆ ಬಂತು.

"ಸಚಿವರ ಪರವಾಗಿ..." ಎಂದು ಬಾಗಿದರು.

"ಅಂಗೆಲ್ಲ ಆಗಲ್ಲ ಸ್ವಾಮಿ" ಎಂದು ಲಕ್ಕಣ್ಣ ತಡೆದ. "ಆಲು ಅವರವರ ಕೈಯಿಂದ್ಲೇ ಬಿಡ್ಬೇಕು. ಏಳಾಕಾಗ್ದಿರೋ ಚಿಕ್ಕಪ್ಪನ್ನೂ ಎತ್ಕೊಂಡ್ ಬಂದಿದೀವಿ. ಬಿಡಂಗಿದ್ರೆ ನಿಮ್ಮದು ಅಂತ ಬಿಡಿ."

ತಮ್ಮದೆಂದು ಬಿಡಲು ಕೈ ಬರಲಿಲ್ಲ. ಬಾಗಿದ್ದವರು ನೆಟ್ಟಗಾಗಿ ಕೃಷ್ಣಮ್ಮನ ಕಡೆ ತಿರುಗಿದರು.

"ಅಮ್ಮಾ, ಆ ಕಾಗದಕ್ಕೆ ಸಹಿ ಹಾಕಿದವನು ನಾನು" ಎಂದರು. "ಆದೇಶ ಆಗಿರಲಿಲ್ಲ. ಕೇಳದೇ ಹಾಕಿದೆ. ಸಾಹೇಬರು ಅದನ್ನ ಓದಲೂ ಇಲ್ಲ."

ಕೃಷ್ಣಮ್ಮ ಅವರ ಕೈಯಿಂದ ಚೊಂಬು ತೆಗೆದುಕೊಂಡಳು.

"ಮೊದ್ಲು ಆ ಬಾವಿ ಮುಚ್ಚಿ ಬನ್ನಿ. ಆಮೇಲ್ ಬಿಡೀರಂತೆ."

ವೆಂಕಟರಾಮಯ್ಯನವರು ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಬೇಲಿ ದಾಟಿ ಚಪ್ಪಡಿಯ ತುದಿಗೆ ಕೈಹಾಕಿದರು. ಕಲ್ಲು ಅಲುಗಲಿಲ್ಲ. ಮತ್ತೆ ಕೈಹಾಕಿದರು. ಲಕ್ಕಣ್ಣ ನೋಡುತ್ತ ನಿಂತಿದ್ದ. ಆಮೇಲೆ ಬಂದು ಇನ್ನೊಂದು ತುದಿ ಹಿಡಿದ.