ಸುಣ್ಣದ ಗೆರೆಯ ಕುಡಿಕೆ

ಎಂಬತ್ತಾರರ ಕಾರ್ತೀಕದ ಎರಡನೆಯ ಸೋಮವಾರ, ಬಿಸಿಲು ಇನ್ನೂ ಎಳೆಯದಾಗಿರುವಾಗಲೇ ಪಕೀರಪ್ಪ ಮತ್ತು ಗುತ್ತೇದಾರ ಅಮರಗುಂಡಪ್ಪ ಮಸ್ಕಿಯ ಬಸ್ಸಿನಿಂದ ಸಂತೆಕಲ್ಲೂರಿನಲ್ಲಿ ಇಳಿದು ಕೆರೆ ಏರಿಯ ದಾರಿ ಹಿಡಿದರು. ಕೆರೆಯ ಸುತ್ತ ಏಳು ಈಚಲ ಬನಗಳಿದ್ದವು. ಚಳಿ ಹಿಡಿದು ಗಿಡಗಳು ಸೇಂದಿ ಬಿಡತೊಡಗಿದಾಗ ಗುತ್ತೇದಾರರು ಒಂದು ದಿನ ಎಲ್ಲ ಬನಗಳನ್ನೂ ಸುತ್ತಿ, ಯಾರ ಗಿಡದ ಸೇಂದಿ ಮಸ್ಕಿಯ ಅಂಗಡಿಗೆ ಬರಬೇಕು, ಯಾರದು ಬೇಡ ಎಂದು ಗೊತ್ತುಮಾಡುವುದು ವಾಡಿಕೆ. ಬನಕ್ಕೊಂದು ದೊನ್ನೆ ಸೇಂದಿ, ಅದರ ಹಿಂದೆ ಆ ಮನೆಯ ಅಡುಗೆ. ಬೇಡವೆಂದು ಬಿಟ್ಟ ಬನದಲ್ಲೂ ಉಂಡೇ ಏಳಬೇಕು.

ಅಮರಗುಂಡಪ್ಪ ತಂದೆ ತೀರಿದ ಮೇಲೆ ಗುತ್ತಿಗೆ ಹಿಡಿದವನು. ಕೊರಳಲ್ಲಿ ಲಿಂಗ, ಹಣೆಯ ಮೇಲೆ ವಿಭೂತಿ. ತಾನು ಮಾರುವ ಸೇಂದಿಯ ಒಂದು ಹನಿಯನ್ನೂ ಅವನಾಗಲಿ ಅವನ ತಂದೆಯಾಗಲಿ ನಾಲಗೆಗೆ ತಾಗಿಸಿದವರಲ್ಲ. ಅದಕ್ಕೇ ಅವರಿಗೆ ಪಕೀರಪ್ಪ ಬೇಕು. ಹದಿನೆಂಟು ವರ್ಷದಿಂದ ಅವನ ನಾಲಗೆ ಹೇಳಿದ್ದೇ ಆ ಅಂಗಡಿಯ ಮಾತು. ಯಾವ ಗಿಡಕ್ಕೆ ನಿನ್ನೆ ಹೊಸ ಸೀಳು ಬಿದ್ದಿದೆ, ಯಾವ ಗಡಿಗೆ ತೊಳೆದಿಲ್ಲ, ಎಲ್ಲವನ್ನೂ ಒಂದೇ ಗುಟುಕಿಗೆ ಹೇಳುತ್ತಿದ್ದ.

ಹೋದ ಬೇಸಿಗೆಯಲ್ಲಿ ಅವನಿಗೆ ಮೂರು ವಾರ ಜ್ವರ ಬಂತು. ಜ್ವರ ಬಿಟ್ಟಿತು, ನಾಲಗೆ ಮಾತ್ರ ತಿರುಗಿ ಬರಲಿಲ್ಲ. ಸಿಹಿ, ಹುಳಿ, ಉಪ್ಪು ಒಂದೂ ತಿಳಿಯದು. ಖಾರ ಸುಟ್ಟಾಗಷ್ಟೇ ಬಾಯಲ್ಲಿ ಏನೋ ಇದೆಯೆಂದು ಗೊತ್ತಾಗುತ್ತಿತ್ತು. ಇದು ಹೆಂಡತಿ ಮುದುಕಮ್ಮನನ್ನು ಬಿಟ್ಟು ಬೇರೆ ಯಾರಿಗೂ ತಿಳಿದಿರಲಿಲ್ಲ.

"ಸಾಹುಕಾರಗ ಹೇಳಿಬಿಡ್ರಿ" ಎಂದು ಆಕೆ ಬೆಳಿಗ್ಗೆ ಬಾಗಿಲಲ್ಲಿ ನಿಂತು ಅಂದಿದ್ದಳು.

"ಹೇಳಿದ್ರ ನಾಳಿಂದ ಏನ್ ಮಾಡ್ಲಿ? ಈ ವಯಸ್ಸಿನ್ಯಾಗ ಗಿಡ ಏರ್ಲ್ಯಾ?"

ಅವನು ಬೇರೆ ದಾರಿ ಕಂಡುಕೊಂಡಿದ್ದ. ಗಡಿಗೆಯ ಬಾಯಿಗೆ ಕಿವಿ ಇಟ್ಟರೆ ನೊರೆ ಸಣ್ಣಗೆ ಸಿಡಿಯುವ ಸದ್ದು ಕೇಳುತ್ತದೆ; ನೀರು ಬೆರೆತಿದ್ದರೆ ಆ ಸದ್ದು ಇರುವುದಿಲ್ಲ. ಜೇನು ಎಷ್ಟು ಮುತ್ತಿವೆ ಎಂದು ನೋಡಬಹುದು. ಇಷ್ಟರಿಂದಲೇ ಈ ಒಂದು ದಿನ ದಾಟಿಸಿಬಿಟ್ಟರೆ ಈ ಸುಗ್ಗಿ ಕಳೆದೀತು ಎಂದುಕೊಂಡಿದ್ದ.

ಮೊದಲನೆಯದು ರಾಮಣ್ಣನ ಬನ. ಏರಿಯ ಕೆಳಗೆ ಹದಿನೆಂಟು ಗಿಡ, ಸೊಂಟಕ್ಕೆ ಕಟ್ಟಿದ ಹಗ್ಗ ಬಿಚ್ಚುತ್ತಿದ್ದ ರಾಮಣ್ಣ, ಮೂರು ಕಲ್ಲಿನ ಒಲೆಯ ಮುಂದೆ ಅವನ ಹೆಂಡತಿ ಗದ್ದೆಮ್ಮ.

"ಬರ್ರಿ ಸಾಹುಕಾರ್ರ, ಬರ್ರಿ. ಪಕೀರಪ್ಪ ಮಾವ, ಭಾಳ ಸೊರಗೀರಲ್ರಿ, ಮುದುಕಮ್ಮತ್ತಿ ಕೂಳು ಹಾಕೂದು ಬಿಟ್ಟಾಳೇನು?" ಎಂದಳು.

"ಹಾಕ್ತಾಳವ್ವ. ಬೈಗುಳದ ಜೋಡಿ ಹಾಕ್ತಾಳ."

ರಾಮಣ್ಣ ಸುಣ್ಣದ ಗೆರೆ ಎಳೆದ ಗಡಿಗೆಯೊಂದನ್ನು ತಂದಿಟ್ಟ. ಬನದಲ್ಲಿ ಸುಣ್ಣದ ಗೆರೆ ಇದ್ದದ್ದು ರುಚಿ ನೋಡುವವರ ಗಡಿಗೆ. ಅದನ್ನು ಬೇರೆ ಯಾರೂ ಮುಟ್ಟುವುದಿಲ್ಲ. ಪಕೀರಪ್ಪ ಬಗ್ಗಿ ಕಿವಿ ಇಟ್ಟ. ಸದ್ದಿಲ್ಲ. ನೋಡಿದ. ನೊರೆಯೂ ತೆಳ್ಳಗೆ, ಅಂಚಿಗಷ್ಟೇ ಹತ್ತಿತ್ತು. ಒಂದು ದೊನ್ನೆ ಕುಡಿದ. ಗಂಟಲಲ್ಲಿ ತಣ್ಣಗೆ ಇಳಿಯಿತು, ಅಷ್ಟೇ. ಗುತ್ತೇದಾರ ಅವನ ಮುಖವನ್ನೇ ನೋಡುತ್ತಿದ್ದ. ಸುಮ್ಮನೆ ನಿಂತಷ್ಟೂ ಅನುಮಾನ ಬರುತ್ತದೆ.

"ನೀರು ಬಿದ್ದಂಗ ಐತಿ" ಎಂದುಬಿಟ್ಟ.

ರಾಮಣ್ಣನ ಕೈಯಲ್ಲಿದ್ದ ಹಗ್ಗ ಜಾರಿತು. ಸೇಂದಿ ಹುಳಿಯಾಯಿತೆಂದರೆ ಬೈಸಿಕೊಂಡು ಸುಮ್ಮನಾಗಬಹುದು. ನೀರು ಬೆರೆಸಿದ ಎಂಬ ಮಾತು ಹೊರಬಿದ್ದರೆ ಕೆರೆಯ ಸುತ್ತಲಿನ ಏಳು ಬನದಲ್ಲೂ ಅವನನ್ನು ಮಾತಾಡಿಸುವವರಿರುವುದಿಲ್ಲ.

"ಮಾವ, ಏನಂತೀರಿ? ನಾ ನೀರು ಹಾಕ್ತೀನೇನ್ರಿ?"

"ನನ್ನ ನಾಲಗಿ ಹೇಳಿದ್ದು ಹೇಳೀನಪ್ಪ."

"ಹಂಗಾದ್ರ ಈ ಬನ ಬ್ಯಾಡ" ಎಂದ ಅಮರಗುಂಡಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. "ನೀನೂ ಬ್ಯಾಸರ ಮಾಡ್ಕೋಬ್ಯಾಡ ರಾಮಣ್ಣ. ನನಗರ ಏನ್ ಗೊತ್ತಾಗ್ತದ ಹೇಳು."

ರಾಮಣ್ಣ ಕೆರೆಯ ಕಡೆ ತಿರುಗಿ ನಿಂತ. ಗದ್ದೆಮ್ಮ ಎದ್ದು ಎರಡು ಚಾಪೆ ಹಾಸಿದಳು. ವಾಡಿಕೆ ವಾಡಿಕೆಯೇ. ಕಾರ್ತೀಕದ ಸೋಮವಾರಗಳಲ್ಲಿ ಗುತ್ತೇದಾರ ವ್ರತಕ್ಕೆಂದು ಉಪ್ಪು ಬಿಟ್ಟಿರುತ್ತಾನೆಂದು ಕೇಳಿ ತಿಳಿದುಕೊಂಡಿದ್ದ ಆಕೆ, ಪುಂಡಿಪಲ್ಯವನ್ನು ಎರಡು ಹೊಸ ಕುಡಿಕೆಗಳಲ್ಲಿ ಬೇಯಿಸಿದ್ದಳು. ಒಂದು ಉಪ್ಪು ಹಾಕಿದ್ದು, ಒಂದು ಸಪ್ಪನೆಯದು. ಗುರುತಿಗೆ ಇರಲಿ ಎಂದು ರಾಮಣ್ಣ ಬೆಳಿಗ್ಗೆ ಸಪ್ಪನೆಯ ಕುಡಿಕೆಗೆ ಸುಣ್ಣದ ಗೆರೆ ಎಳೆದಿಟ್ಟಿದ್ದ.

ಈಗ ಬಡಿಸಲು ಕೂತ ಗದ್ದೆಮ್ಮನ ಕಣ್ಣು ತುಂಬಿಕೊಂಡಿತ್ತು. ಮನಸ್ಸು ಇನ್ನೂ ಆ ನೀರಿನ ಮಾತಿನಲ್ಲೇ ಇತ್ತು. ಹದಿನೈದು ವರ್ಷ ಸುಣ್ಣದ ಗೆರೆಯದನ್ನು ಪಕೀರಪ್ಪನ ಮುಂದೆ ಇಟ್ಟು ಇಟ್ಟು ರೂಢಿಯಾದ ಕೈ, ಇವತ್ತೂ ಸುಣ್ಣದ ಗೆರೆಯ ಕುಡಿಕೆಯನ್ನು ಅವನ ಮುಂದೆಯೇ ಬಗ್ಗಿಸಿತು. ಇನ್ನೊಂದು ಕುಡಿಕೆಯದು ಗುತ್ತೇದಾರನ ತಟ್ಟೆಗೆ ಬಿತ್ತು. ಮೇಲೆ ಬಿಸಿ ಜೋಳದ ರೊಟ್ಟಿ, ಬದಿಗೆ ಉಳ್ಳಾಗಡ್ಡಿ.

"ಹೊರಗಿನ ಕೈ ಊಟ ನಡೀತದೇನ್ರಿ ನಿಮಗ?" ಎಂದು ಪಕೀರಪ್ಪ ಕೇಳಿದ, ಏನಾದರೂ ಮಾತಾಡಬೇಕೆಂದು.

"ಗಿಡದ ನೆಳ್ಳಾಗ ಎಲ್ಲಾ ನಡೀತದ. ಮನ್ಯಾಗ ನಮ್ಮವ್ವಗ ಹೇಳಬ್ಯಾಡ" ಎಂದು ಅಮರಗುಂಡಪ್ಪ ನಕ್ಕು, ಲಿಂಗವನ್ನು ಅಂಗೈಯಲ್ಲಿ ಹಿಡಿದು ಕಣ್ಣು ಮುಚ್ಚಿದ.

ಅಷ್ಟರಲ್ಲಿ ಪಕೀರಪ್ಪ ಅರ್ಧ ರೊಟ್ಟಿ ಮುಗಿಸಿದ್ದ. ಗದ್ದೆಮ್ಮನ ಮುಖ ನೋಡಿ ಅವನಿಗೆ ಕೆಡುಕೆನಿಸುತ್ತಿತ್ತು. ಒಂದು ಒಳ್ಳೆಯ ಮಾತನ್ನಾದರೂ ಆಡೋಣವೆಂದು ಬಾಯಿ ತೆರೆದ.

"ಪಲ್ಯ ಮಸ್ತ್ ಆಗೇತವ್ವ. ಉಪ್ಪು ಹುಳಿ ಬರೋಬ್ಬರಿ ಐತಿ."

ಅಮರಗುಂಡಪ್ಪ ಕಣ್ಣು ಬಿಟ್ಟು ಮೊದಲ ತುತ್ತು ಇಟ್ಟ. ಅಗಿಯುವುದು ನಿಂತಿತು. ಎದ್ದು ಹೋಗಿ ಗಿಡದ ಬುಡದಲ್ಲಿ ಉಗುಳಿ, ಚೊಂಬಿನ ನೀರಿನಿಂದ ಬಾಯಿ ಮುಕ್ಕಳಿಸಿ ಬಂದ.

"ಇದ್ರಾಗ ಉಪ್ಪೈತಲ್ಲವ್ವ."

"ಅಯ್ಯ ಶಿವನ!" ಗದ್ದೆಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಪಕೀರಪ್ಪನ ಪಕ್ಕದಲ್ಲಿದ್ದ ಕುಡಿಕೆಯ ಗೆರೆ ನೋಡಿದಳು. "ನಿಮ್ದು ಮಾವನ ತಾಟಿಗೆ ಹೋಗೇತಿ. ತಪ್ಪಾತ್ರಿ ಸಾಹುಕಾರ್ರ…" ಎಂದವಳು ಅಲ್ಲಿಗೇ ನಿಂತು, ಪಕೀರಪ್ಪನ ಮುಖ ನೋಡಿದಳು.

ಅಮರಗುಂಡಪ್ಪ ಸುಣ್ಣದ ಗೆರೆಯ ಕುಡಿಕೆಯಿಂದ ಚೂರು ಪಲ್ಯವನ್ನು ಬೆರಳಲ್ಲಿ ತೆಗೆದು ಬಾಯಿಗಿಟ್ಟುಕೊಂಡ. ಒಂದು ಹರಳೂ ಉಪ್ಪಿರಲಿಲ್ಲ. ಅವನೂ ಪಕೀರಪ್ಪನ ಕಡೆ ನೋಡಿದ.

ಜ್ವರ ಬಿಟ್ಟ ಬಾಯಿ, ಸರಿಯಾಗಿ ತಿಳಿಯಲಿಲ್ಲ ಎಂದು ತೇಲಿಸಿಬಿಡಬಹುದಿತ್ತು. ಪಕೀರಪ್ಪನ ಬಾಯಿಗೆ ಆ ಮಾತು ಬಂದಿತ್ತು ಕೂಡ. ಆದರೆ ರಾಮಣ್ಣ ಇನ್ನೂ ಬೆನ್ನು ತಿರುಗಿಸಿಕೊಂಡೇ ನಿಂತಿದ್ದ.

"ರಾಮಣ್ಣ, ಇತ್ತಾಗ ತಿರುಗಪ್ಪ" ಎಂದ ಪಕೀರಪ್ಪ. "ನೀ ನೀರು ಹಾಕಿಲ್ಲ. ಹಾಕೀದ್ರೂ ನನಗ ಗೊತ್ತಾಗಾಂಗಿಲ್ಲ. ನನ್ನ ನಾಲಗಿ ಸತ್ತು ಆರು ತಿಂಗಳಾತು. ನೊರಿ ಕಾಣ್ಲಿಲ್ಲ, ಅದಕ್ಕ ಅಂದೆ."

ರಾಮಣ್ಣ ತಿರುಗಿದ. "ನೊರಿ ಎಲ್ಲಿಂದ ಬರಬೇಕು ಮಾವ? ಹೊಸಾ ಸಾಹುಕಾರ್ರು ಬರ್ತಾರ, ಸಿಹಿ ಇರ್ಲಿ ಅಂತ ಕೋಳಿ ಕೂಗೂ ಹೊತ್ತಿಗೆ ಇಳಿಸಿ ನೀರಿನ ದಂಡಿಗೆ ತಂಪಿನ್ಯಾಗ ಇಟ್ಟಿದ್ದೆ."

ಪಕೀರಪ್ಪ ತಲೆ ತಗ್ಗಿಸಿದ. ಬಿಸಿಲು ಕಾಣದ ಸೇಂದಿಯಲ್ಲಿ ನೊರೆ ಏಳುವುದಿಲ್ಲ ಎಂಬುದನ್ನು ಈ ರಾಮಣ್ಣನಿಗೆ ಕಲಿಸಿದವನೂ ಅವನೇ.

ಗದ್ದೆಮ್ಮ ಗಡಿಗೆಯಿಂದ ಒಂದು ದೊನ್ನೆ ಬಗ್ಗಿಸಿಕೊಂಡು, ಯಾರ ಅಪ್ಪಣೆಯನ್ನೂ ಕೇಳದೆ ಕುಡಿದಳು. "ಸಿಹಿ ಐತಿ ಮಾವ. ಕಡೀಕ ಜರಾ ಒಗರು."

"ಒಗರು ನಾಲಗಿ ತುದಿಗೋ, ಗಂಟಲಿಗೋ?"

"ಗಂಟಲಿಗೆ."

"ಹಂಗಂದ್ರ ನಿನ್ನೆ ಸಂಜಿಕೆ ಸೀಳು ಆಳ ಹಾಕ್ಯಾನ. ಆ ಮೂಡಣದ ಗಿಡದ್ದು. ಹೌದಲ್ಲೋ?"

ರಾಮಣ್ಣ ಹೌದೆಂದು ತಲೆಯಾಡಿಸಿದ.

ಅಮರಗುಂಡಪ್ಪ ವಾಡಿಕೆಗೆಂದು ಸಪ್ಪನೆಯ ಪಲ್ಯದ ಜೊತೆ ಎರಡು ತುತ್ತು ರೊಟ್ಟಿ ಉಂಡು ಕೈ ತೊಳೆದ. ತನ್ನ ಸೋಮವಾರದ ವ್ರತ ಕೆಟ್ಟಿತ್ತು. ತಂದೆ ನಂಬಿದ್ದ ಮನುಷ್ಯ ತನಗೆ ಸುಳ್ಳು ಹೇಳಿದ್ದ. ಆದರೆ ಆ ಮೂಡಣದ ಗಿಡವನ್ನು ಕೂತಲ್ಲಿಂದಲೇ ಹೇಳುವವರು ಮಸ್ಕಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ಬ್ಯಾಸಿಗ್ಯಾಗ ಹೇಳಬೇಕಿತ್ತು ಪಕೀರಪ್ಪ."

"ಹೇಳಬೇಕಿತ್ರಿ."

"ಇನ್ನ ಆರು ಬನ ಅದಾವ. ಗದ್ದೆಮ್ಮ, ನೀನೂ ಬಾ. ನೀ ಕುಡಿ, ಇಂವ ಕೇಳ್ಲಿ. ಇವತ್ತಿಂದು ಇವತ್ತಾಗ್ಲಿ, ಮುಂದಿಂದು ಆಮ್ಯಾಲೆ ನೋಡೂಣು." ಚಪ್ಪಲಿ ಮೆಟ್ಟಿಕೊಂಡು ಒಂದು ಗಳಿಗೆ ನಿಂತ. "ಈ ಹದಿನೆಂಟು ಗಿಡದ್ದು ಅಂಗಡಿಗೆ ಬರ್ಲಿ ರಾಮಣ್ಣ."

ಪಕೀರಪ್ಪ ಎದ್ದೇಳಲು ಹೊರಟ. ಗದ್ದೆಮ್ಮ ಅವನ ಭುಜ ಹಿಡಿದು ಕೂಡಿಸಿದಳು. ತಟ್ಟೆಯಲ್ಲಿ ಇನ್ನೂ ಅರ್ಧ ರೊಟ್ಟಿ ಇತ್ತು. ಆಕೆ ಒಂದು ಚಿಟಿಕೆ ಉಪ್ಪು ತಂದು ಪಲ್ಯದ ಮೇಲೆ ಉದುರಿಸಿದಳು.

"ಗೊತ್ತಾಗಾಂಗಿಲ್ಲವ್ವ, ಯಾಕ ಸುಮ್ನ" ಎಂದ ಅವನು.

"ನಿಮಗ ಗೊತ್ತಾಗದಿದ್ರ ಇರ್ಲಿ. ಸಪ್ಪಂದು ಉಣಿಸಿ ಕಳಿಸಿದೆ ಅಂತ ನನಗ ಗೊತ್ತಿರ್ತದಲ್ಲ."

ಪಕೀರಪ್ಪ ಉಪ್ಪನ್ನು ಬೆರಳಿನಿಂದ ಮೆಲ್ಲಗೆ ಕಲಸಿದ. ರೊಟ್ಟಿ ಮುರಿದು ತಾಟು ಬರಿದಾಗುವವರೆಗೂ ಉಂಡ. ಏರಿಯ ಮೇಲೆ ಗುತ್ತೇದಾರ ನಿಂತು ಕಾಯುತ್ತಿದ್ದ.