ಎಲೆಚೂರಿನ ಕೋಳಿ

ಬೆಳಿಗ್ಗೆ ಎದ್ದು, ಮುಚ್ಚಿಟ್ಟಿದ್ದ ಬಟ್ಟೆ ತೆಗೆದ ಜಲಜಾಕ್ಷಿಗೆ ಜೀವ ಬಾಯಿಗೆ ಬಂತು. ನಿನ್ನೆ ಸಂಜೆ ಹಲಗೆಯ ಮೇಲೆ ಚಂದ ಅಂಟಿಸಿಟ್ಟ ಕೋಳಿಯ ಕುತ್ತಿಗೆ ಹಾಳಾಗಿ ಹೋಗಿತ್ತು. ಬೀಡಿ ಎಲೆಯ ಚೂರುಗಳೆಲ್ಲ ತುದಿ ಸುರುಟಿಕೊಂಡು ಎದ್ದು ನಿಂತಿದ್ದವು. ಮೂಡುಬಿದಿರೆಯ ಪ್ರದರ್ಶನಕ್ಕೆ ಹೋಗುವ ಬಸ್ಸು ಬಂಟ್ವಾಳ ಪೇಟೆಗೆ ಇನ್ನೇನು ಬರುವ ಹೊತ್ತು.

ತಪ್ಪು ಯಾರದ್ದು ಅಂತ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಕೋಳಿಯ ಮೈಗೆ ಅಂಟಿಸಿದ ಚೂರುಗಳನ್ನು ಅವಳು ಅರೆಯುವ ಕಲ್ಲಿನಡಿ ಇಟ್ಟು ಒಣಗಿಸಿಯೇ ಅಂಟಿಸಿದ್ದಳು. ಕುತ್ತಿಗೆಗೆ ಬೇಕಾದ ಕೆಂಪು ಎಲೆ ಮಾತ್ರ ಸಿಕ್ಕಿರಲಿಲ್ಲ. ಪಕ್ಕದ ಮನೆಯ ಸಫಿಯಮ್ಮ, ಅವಳೂ ಬೀಡಿ ಕಟ್ಟುವವಳೇ, ತನ್ನ ಕಟ್ಟಿನಲ್ಲಿ ಕೆಂಪು ಕಂಡಾಗೆಲ್ಲ ಚೂರು ತೆಗೆದಿಟ್ಟು ನಿನ್ನೆ ತಂದುಕೊಟ್ಟಳು. ಆಗಷ್ಟೇ ಕತ್ತರಿಸಿದ ಒದ್ದೆ ಎಲೆ. ಬೀಡಿ ಕಟ್ಟುವವರು ಒಣ ಎಲೆಗೆ ಕತ್ತರಿ ಹಾಕುವುದುಂಟೇ? ನೀರು ಚಿಮುಕಿಸಿ, ಗೋಣಿಯಲ್ಲಿ ಸುತ್ತಿಟ್ಟು, ಮೆತ್ತಗಾದ ಮೇಲೆಯೇ ಕೆಲಸ. ಸಣ್ಣಂದಿನಿಂದ ಅದನ್ನೇ ಮುಟ್ಟಿದ ಜಲಜಾಕ್ಷಿಯ ಬೆರಳಿಗೆ ಒದ್ದೆ ಎಲೆ ಒದ್ದೆ ಅಂತ ಅನಿಸಲೇ ಇಲ್ಲ. ಗಂಜಿ ಬಳಿದಳು, ಅಂಟಿಸಿದಳು, ಮಲಗಿದಳು.

ಈಗ ಅಳುವುದಕ್ಕೂ ಪುರುಸೊತ್ತಿಲ್ಲ. ಬಟ್ಟೆಯನ್ನು ನೀರಿಗೆ ಅದ್ದಿ ಹಿಂಡಿ, ಕುತ್ತಿಗೆಯ ಮೇಲೆ ಹೊದಿಸಿ, ಅಂಗೈಯಿಂದ ಒತ್ತಿ ಹಿಡಿದಳು. ನೆನೆದ ಎಲೆ ಹೇಳಿದ ಮಾತು ಕೇಳಿ ಮಲಗಿತು. ಒಣಗಿದರೆ ಪುನಃ ಏಳುತ್ತದೆ ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತೀರ್ಪುಗಾರರು ನೋಡಿ ಹೋಗುವವರೆಗೆ ಮಲಗಿದ್ದರೆ ಸಾಕು, ಆಮೇಲೆ ಹಾರಿ ಹೋಗಲಿ.

ಬಿಸಾಡುವ ವಸ್ತುಗಳಿಂದ ಮಾಡಿದ ಕೈಕೆಲಸಕ್ಕೆ ಈ ಸಲ ಬೇರೆಯೇ ವಿಭಾಗ ಉಂಟು, ಆಯ್ಕೆಯಾದವರನ್ನು ಮೂಡುಬಿದಿರೆಯ ಮಹಿಳಾ ಕೇಂದ್ರದಲ್ಲಿ ಹೊಲಿಗೆ, ಹೆಣಿಗೆ ಕಲಿಸುವ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ ಅಂತ ಗ್ರಾಮಸೇವಿಕೆ ಕಾಂತಿ ಹೇಳಿದ್ದಳು. ಜಲಜಾಕ್ಷಿಗೆ ಬೇಕಾದದ್ದು ಅದು. ಹೊಗೆಸೊಪ್ಪಿನ ಹುಡಿ ಎದೆಯೊಳಗೆ ಸೇರಿ, ಕೆಮ್ಮು ಶುರುವಾದರೆ ನಿಲ್ಲುತ್ತಿರಲಿಲ್ಲ. ಬೀಡಿ ಬಿಡು ಅಂತ ಡಾಕ್ಟರು ಹೇಳಿಯಾಗಿತ್ತು. ಬಿಟ್ಟು ಏನು ತಿನ್ನುವುದು ಅಂತ ಅವರು ಹೇಳಿರಲಿಲ್ಲ.

ಬಸ್ಸಿನ ಹತ್ತಿರ ಸೋದರಮಾವ ಮುಂಡಪ್ಪ ಕಾಯುತ್ತಿದ್ದ. ಮನೆಯ ಯಜಮಾನ, ಹೆಣ್ಣೊಬ್ಬಳೇ ಹೋಗುವುದು ಬೇಡ ಅಂತ ಹೊರಟವನು. ಕೋಳಿ ಅಂಕ ಅಂದರೆ ಉಣ್ಣುವ ಬಟ್ಟಲು ಬಿಟ್ಟು ಓಡುವ ಜನ. ಕೋಳಿಗಳನ್ನು ಕಾದಾಟಕ್ಕೆ ಬಿಡುವ ಆ ಗದ್ದೆಗಳಲ್ಲೇ ಅರ್ಧ ಆಯುಷ್ಯ ಕಳೆದಿದ್ದ. ಸೊಸೆ ಕೋಳಿಯನ್ನೇ ಮಾಡುತ್ತೇನೆಂದಾಗ ಅವನಿಗೆ ಒಳಗೊಳಗೆ ಖುಷಿ. ಆದರೆ ಕುತ್ತಿಗೆಯೊಂದು ಬಿಟ್ಟು ಉಳಿದದ್ದು ಮುಗಿದು ಅದನ್ನು ನೋಡಿದ ದಿನ ಅವನು ಹೇಳಿದ್ದು, ಇದು ಅಂಕದ ಕೋಳಿಯಲ್ಲ, ಸಾರಿಗೆ ಹಾಕುವ ಕೋಳಿ ಅಂತ. ಅವಳು ಎರಡು ದಿನ ಅವನೊಂದಿಗೆ ಮಾತಾಡಿರಲಿಲ್ಲ.

ಬಸ್ಸು ಸಿದ್ಧಕಟ್ಟೆ ದಾಟುವಷ್ಟರಲ್ಲಿ ಅವಳು ಒದ್ದೆ ಬಟ್ಟೆಯನ್ನು ಎಷ್ಟು ಸಲ ಎತ್ತಿ ನೋಡಿದಳೋ. ಕುಳಿತಲ್ಲಿ ಕುಳಿತಿರಲಾಗದೆ ಹಲಗೆಯನ್ನು ಈ ತೊಡೆಯಿಂದ ಆ ತೊಡೆಗೆ, ಅಲ್ಲಿಂದ ಎದೆಗೆ. ಕಿಟಕಿಯ ಗಾಳಿ ಬಡಿಯುತ್ತದೆಂದು ಪರದೆ ಇಳಿಸಿದಳು. ಸೆಕೆಯಾಗುತ್ತದೆಂದು ಹಿಂದಿನವರು ಎತ್ತಿಸಿದರು. ಮೈಯಲ್ಲಿ ಇರುವೆ ಹತ್ತಿದೆಯೋ ಅಂತ ಮುಂಡಪ್ಪ ಗೊಣಗಿದ. ಅವಳು ಕೆಮ್ಮಿದಳು. ಅವನು ಸರಿದು ಅವಳಿಗೆ ಜಾಗ ಮಾಡಿಕೊಟ್ಟ.

ಪ್ರದರ್ಶನ ಶಾಲೆಯೊಂದರ ದೊಡ್ಡ ಕೋಣೆಯಲ್ಲಿ. ಒಡೆದ ಬಳೆಯ ತೋರಣ, ಹಳೆ ಸೀರೆಯ ಅಂಚಿನ ಚೀಲ, ಬೆಂಕಿಕಡ್ಡಿಯ ರಥ. ಕಾಂತಿ ಓಡೋಡಿ ಬಂದು ಕಿಟಕಿಯ ಪಕ್ಕದ ಮೇಜು ತೋರಿಸಿದಳು; ಬಿಸಿಲು ಚೆನ್ನಾಗಿ ಬೀಳುತ್ತದೆ, ಬಣ್ಣ ಎದ್ದು ಕಾಣುತ್ತದೆ ಅಂತ. ಆ ಬಿಸಿಲೇ ಜಲಜಾಕ್ಷಿಗೆ ಬೇಡವಾದದ್ದು. ಬೇರೆ ಜಾಗ ಕೇಳಿದಳು. ಇರಲಿಲ್ಲ. ಮೇಜಿನ ಮೇಲಿಟ್ಟದ್ದಕ್ಕೆ ಬಟ್ಟೆ ಮುಚ್ಚಬಾರದು ಅಂತಲೂ ಹೇಳಿದರು.

ಬಟ್ಟೆ ತೆಗೆದಾಗ ಕುತ್ತಿಗೆಯ ಎಲೆ ಮಲಗಿದ ಹಾಗೆಯೇ ಇತ್ತು. ಒದ್ದೆಯ ಕೆಂಪು, ಚಪ್ಪಟೆ, ಚೊಕ್ಕ. ಮುಂಡಪ್ಪ ಒಮ್ಮೆ ನೋಡಿ ಗೋಡೆಗೆ ಒರಗಿ ನಿಂತ.

ಮಂಗಳೂರಿನಿಂದ ಬಂದ ತೀರ್ಪುಗಾರರು ಇಬ್ಬರು, ಕನ್ನಡಕದ ಮುದುಕರೊಬ್ಬರು ಮತ್ತು ಬಿಳಿ ಸೀರೆಯ ಅಮ್ಮ. ಅವರಿಗೆ ಅವಸರವೇ ಇರಲಿಲ್ಲ. ರಥದ ಮುಂದೆ ನಿಂತವರು ಚಕ್ರ ತಿರುಗುತ್ತದೋ ಅಂತ ಪರೀಕ್ಷೆ ಮಾಡುತ್ತಿದ್ದರು. ಬಿಸಿಲು ಹಲಗೆಯ ಮೂಲೆಯಿಂದ ಕೋಳಿಯ ಬಾಲಕ್ಕೆ, ಬಾಲದಿಂದ ಬೆನ್ನಿಗೆ ಬಂತು. ರಥ ಬಿಡಿ, ಈ ಕಡೆ ಬನ್ನಿ ಅಂತ ಜಲಜಾಕ್ಷಿ ಮನಸ್ಸಿನಲ್ಲೇ ಅಂಗಲಾಚಿದಳು.

ಅವರು ಬಂದದ್ದೂ ಕುತ್ತಿಗೆಯ ಮೊದಲ ಚೂರು ಅಲುಗಿದ್ದೂ ಒಟ್ಟಿಗೆ.

"ಇದು ಬೀಡಿಯ ಎಲೆಯಿಂದ ಮಾಡಿದ್ದು," ಕಾಂತಿ ಶಾಲೆಯ ಕನ್ನಡದಲ್ಲಿ ಶುರುಮಾಡಿದಳು.

ಇನ್ನೊಂದು ಎದ್ದಿತು. ಮತ್ತೊಂದು. ಸುರುಟುವ ಎಲೆಯ ಸಣ್ಣ ಸದ್ದು ಜಲಜಾಕ್ಷಿಗೆ ಕೇಳಿಸಿತು. ಬೀಡಿ ಒಣಗುವಾಗಿನ ಸದ್ದೇ. ಅವಳ ಕೈ ತಾನಾಗಿ ಮುಂದೆ ಹೋಯಿತು, ಒತ್ತಿಬಿಡಲಿಕ್ಕೆ.

ಆ ಕೈಯನ್ನು ಯಾರೋ ಗಟ್ಟಿಯಾಗಿ ಹಿಡಿದರು. ಗೋಡೆ ಬಿಟ್ಟು ಮುಂಡಪ್ಪ ಯಾವಾಗ ಬಂದನೋ ಗೊತ್ತಿಲ್ಲ.

"ಮುಟ್ಟಬೇಡ ಮಗಾ," ಅವನು ತುಳುವಿನಲ್ಲಿ ಮೆಲ್ಲ ಹೇಳಿದ. "ಅದು ಈಗ ಕಣಕ್ಕೆ ಇಳಿದಿದೆ."

ಬಿಸಿಲು ಕುತ್ತಿಗೆಯನ್ನು ಪೂರಾ ಹಿಡಿಯಿತು. ಗರಿಗಳು ಕೆಳಗಿನಿಂದ ಮೇಲಕ್ಕೆ ಸಾಲಾಗಿ ನಿಮಿರಿದವು, ಕಾದಾಟಕ್ಕೆ ನಿಂತ ಅಂಕದ ಕೋಳಿಯ ಗರಿಗಳ ಹಾಗೆ. ಹತ್ತಿರ ಬಗ್ಗಿ ನೋಡುತ್ತಿದ್ದ ಬಿಳಿ ಸೀರೆಯ ಅಮ್ಮ ಥಟ್ಟನೆ ಮುಖ ಹಿಂದಕ್ಕೆ ತೆಗೆದರು. ಮುದುಕರು ಏನೋ ಕೇಳಿದರು. ಜಲಜಾಕ್ಷಿ ಬಾಯಿ ತೆರೆದದ್ದೇ ಕೆಮ್ಮು ಬಂತು. ಕೆಮ್ಮು ನಿಲ್ಲುವವರೆಗೆ ಅವರು ಆ ಮೇಜು ಬಿಟ್ಟು ಹೋಗಲಿಲ್ಲ.

ಅವಳ ಪಕ್ಕದಲ್ಲಿ ಮುಂಡಪ್ಪ, ಅಷ್ಟು ಜನರ ನಡುವೆ, ಪಂಚೆ ಎತ್ತಿಕಟ್ಟಿ ಕುಕ್ಕರಗಾಲಲ್ಲಿ ಕುಳಿತು ಕೋಳಿಯ ಕಣ್ಣನ್ನೇ ನೋಡುತ್ತಿದ್ದ.