ಒಣಗಿಸಿ ಅರೆದ ಕಲ್ಲು

ಮಡಕೆಯಕ್ಕನ ಮಿಷನ್ ಶುರುವಾಯಿತೆಂದರೆ ಆ ಬೀದಿಯ ಹೆಂಗಸರು ಹಗ್ಗದ ಮೇಲಿನ ಬಟ್ಟೆ ಒಳಗೆ ತರಲು ಓಡುತ್ತಿದ್ದರು. ಬೆಣಚುಕಲ್ಲಿನ ಬಿಳಿ ಧೂಳು ಕಿಟಕಿ, ಕಟ್ಟೆ, ಮಲಗಿದ ನಾಯಿಯ ಬೆನ್ನು, ಒಂದನ್ನೂ ಬಿಡುತ್ತಿರಲಿಲ್ಲ. ಯಾರಾದರೂ ಗೊಣಗಿದರೆ, "ಹೊಳೆಯೋ ಜಾಡಿ ಮಾತ್ರ ಬೇಕು, ಧೂಳು ಬೇಡ ಅಂದ್ರೆ ಹ್ಯಾಗಮ್ಮ?" ಎಂದು ಮಡಕೆಯಕ್ಕ ಅವರ ಬಾಯಿ ಮುಚ್ಚಿಸುವಳು. ಜಾಡಿಗೆ ಗಾಜಿನಂಥ ಮೆರುಗು ಬರಬೇಕಾದರೆ ಬೆಣಚುಕಲ್ಲಿನ ಪುಡಿ ಬೇಕೇ ಬೇಕು.

ಮಿಷನ್ ಮುಂದೆ ನಿಲ್ಲುವವನು ಅವಳ ಮೈದುನ. ಸದಾ ಸಿಳ್ಳೆ ಹಾಕುತ್ತಿದ್ದನೆಂದು ಬೀದಿಯವರೆಲ್ಲ ಅವನನ್ನು ಸಿಳ್ಳೆ ಎಂದೇ ಕರೆಯುವುದು. ಬಹಳ ಹಿಂದೆ ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ಮಡಕೆಯಕ್ಕನಿಗೆ ಮಗನೂ ಅವನೇ, ತಮ್ಮನೂ ಅವನೇ.

ಒಂದು ಬೆಳಿಗ್ಗೆ ಊರಿನ ನರ್ಸಮ್ಮ ಮನೆಮನೆಯ ಆರೋಗ್ಯ ವಿಚಾರಿಸುತ್ತ ಅಲ್ಲಿಗೂ ಬಂದಳು. ಅದೇ ಬೀದಿಯಲ್ಲಿ ಆಡಿ ಬೆಳೆದವಳು ಅವಳು.

"ಏನು ಮಾವ, ಸಿಳ್ಳೆ ಸದ್ದೇ ಇಲ್ಲ?"

"ವಯಸ್ಸಾಯ್ತಲ್ಲಮ್ಮ... ಗಾಂಭೀರ್ಯ ಬಂದಿದೆ," ಎಂದು ಸಿಳ್ಳೆ ನಕ್ಕ. ಅಷ್ಟು ಹೇಳುವುದರಲ್ಲಿ ಎರಡು ಸಲ ಉಸಿರೆಳೆದುಕೊಂಡ.

ನರ್ಸಮ್ಮ ನಗಲಿಲ್ಲ. "ಆ ಬಾವಿ ತನಕ ಹೋಗಿ ಬಾ ಮಾವ" ಎಂದಳು. ಅವನು ಹೋದ. ಬರುವಾಗ ಅರ್ಧ ದಾರಿಯಲ್ಲೇ ಯಾರದೋ ಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟ.

ಮಡಕೆಯಕ್ಕ ಎರಡು ಹೆಜ್ಜೆ ಮುಂದಿಟ್ಟು ಅವನತ್ತ ನೋಡಿದಳು. ಆದರೆ ಅವಳು ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. "ಚಳಿಗೆ ಎದೆ ಕಟ್ಟಿದೆ ಅಷ್ಟೇ. ಧೂಳಿಂದ ಅಂತ ಮಾತ್ರ ಹೇಳ್ಬೇಡ ಕಣೆ. ಅವನು ಬಾಯಿಗೆ ಬಟ್ಟೆ ಕಟ್ಕೊಂಡೇ ಕೆಲಸ ಮಾಡೋದು."

ನರ್ಸಮ್ಮ ಸಿಳ್ಳೆಯ ಕೊರಳಲ್ಲಿದ್ದ ಬಟ್ಟೆ ಬಿಚ್ಚಿಸಿಕೊಂಡು, ಅದರ ಒಳಮಗ್ಗುಲನ್ನು ತನ್ನ ಕರಿ ಚೀಲಕ್ಕೆ ಒತ್ತಿದಳು. ಚೀಲದ ಮೇಲೆ ಬಿಳಿ ಅಚ್ಚು ಬಿತ್ತು.

"ಇದು ಬಾಯಿ ಕಡೆ ಮಗ್ಗುಲು ದೊಡ್ಡಮ್ಮ. ಇಷ್ಟು ಕಣ್ಣಿಗೆ ಕಂಡಿದ್ದು. ಕಾಣದೇ ಇರೋದು ಇನ್ನೂ ನುಣ್ಣಗೆ, ನೇರ ಎದೆಗೇ ಇಳಿಯುತ್ತೆ. ಅದಿರಲಿ, ಕಲ್ಲನ್ನ ಹ್ಯಾಗೆ ಪುಡಿ ಮಾಡ್ತೀರಿ ಹೇಳಿ."

"ತೊಳೆದು, ಮೂರು ದಿನ ಬಿಸಿಲಲ್ಲಿ ಒಣಗಿಸಿ, ಮಿಷನ್‌ಗೆ ಹಾಕ್ತೀವಿ."

"ಪುಡಿ ಆದ್ಮೇಲೆ?"

"ಇದೇನು ಹೊಸದಾಗಿ ಕೇಳ್ತೀಯ? ನೀರಿಗೆ ಕಲಸಿ ಜಾಡಿ ಅದ್ದುತ್ತೀವಿ."

"ಕೊನೆಗೆ ನೀರಿಗೇ ಹಾಕೋದಾದ್ರೆ ಒಣಗಿಸಿ ಅರೆಯೋದ್ಯಾಕೆ?"

ಇಷ್ಟು ವರ್ಷದಲ್ಲಿ ಈ ಮಾತು ಮಡಕೆಯಕ್ಕನ ತಲೆಗೆ ಹೊಳೆದೇ ಇರಲಿಲ್ಲ. "ಮಿಷನ್‌ಗೆ ಒದ್ದೆ ಆಗಲ್ಲ ಕಣೆ. ಕಟ್ಕೊಂಡು ನಿಂತ್ಬಿಡುತ್ತೆ."

"ಮಿಷನ್ ನಿಲ್ಲಬಾರದು ಅಂತ ಮಾವನ ಉಸಿರು ನಿಲ್ಲಿಸ್ತೀರಾ?"

ಮಾತು ಕಠಿಣವಾಯಿತು. ಮಡಕೆಯಕ್ಕನ ಕಣ್ಣು ಹಿತ್ತಿಲ ಮೂಲೆಗೆ ಹೋಯಿತು. ಅಲ್ಲಿ ಹುಲ್ಲಿನ ನಡುವೆ ಅವಳ ಮಾವನ, ಅಂದರೆ ಗಂಡನ ಅಪ್ಪನ, ಕಾಲದ ದೊಡ್ಡ ಕಲ್ಲುಬಾನಿ ಬೋರಲಾಗಿ ಬಿದ್ದಿತ್ತು.

ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಆ ಬಾನಿಯೇ ಮನೆಯ ಯಜಮಾನ. ಮಾವ ಬೆಣಚುಕಲ್ಲನ್ನು ಮಡಕೆ ಸುಡುವ ಆವಿಗೆಯಲ್ಲಿಟ್ಟು ಕೆಂಪಗೆ ಕಾಯಿಸಿ ನೀರಿಗೆ ಬಿಡುತ್ತಿದ್ದರು. ಚಟಚಟನೆ ಬಿರುಕು ಬಿಟ್ಟ ಕಲ್ಲನ್ನು ಒದ್ದೆ ಗೋಣಿಯ ಕೆಳಗಿಟ್ಟು ಜಜ್ಜಿ, ಬಾನಿಗೆ ಹಾಕಿ ನೀರಿನಲ್ಲೇ ರುಬ್ಬುವುದು. ರುಬ್ಬುವ ಗುಂಡಿನ ಗೂಟಕ್ಕೆ ಒಂದು ಕಡೆ ಅವಳ ಗಂಡ, ಇನ್ನೊಂದು ಕಡೆ ಆಗಷ್ಟೇ ಮೀಸೆ ಬಂದಿದ್ದ ಮೈದುನ. ಅವಳು ತಂಬಿಗೆಯಲ್ಲಿ ನೀರು ಹುಯ್ಯುವಳು. ಬಾನಿಯ ಅಂಚಿನಿಂದ ಹಾಲಿನಂಥ ನೀರು ಇಳಿಯುವುದು. ಮೈದುನನ ಸಿಳ್ಳೆ ತಾಳಲಾರದೆ ಮಾವ, "ಇವನು ಕಲ್ಲು ರುಬ್ತಾನೋ, ನನ್ನ ಕಿವಿ ರುಬ್ತಾನೋ!" ಎಂದು ರೇಗುವರು. ಗಂಡ ನಗುತ್ತ ಅವಳತ್ತ ನೋಡುವನು. ಎಷ್ಟು ನಿಧಾನದ ಕೆಲಸ, ಎಷ್ಟು ಸುಖದ ದಿನಗಳು! ಹಿತ್ತಲ ಗಿಡ ಮದ್ದಲ್ಲ ಎನ್ನುವ ಹಾಗೆ, ಮಿಷನ್ ಬಂದ ದಿನವೇ ಆ ಬಾನಿಯನ್ನು ಅವಳೇ ಉರುಳಿಸಿದ್ದಳು.

"ಹಾಗಾದ್ರೆ ಮತ್ತೆ ಕೈಯಲ್ಲೇ ತಿರುಗಿಸು ಅಂತೀಯೇನೆ?" ಎಂದಳು ಕಣ್ಣೊರೆಸಿಕೊಂಡು. "ರಟ್ಟೇಲಿ ಬಲ ಎಲ್ಲಿದೆ?"

"ಕೈ ಯಾಕೆ, ಮೋಟಾರು ತಿರುಗಿಸಲಿ. ಬಾಯಿ ಭದ್ರ ಮಾಡಿದ ಪೀಪಾಯಿ ಸಿಗುತ್ತೆ, ಬೇರೆ ಊರಲ್ಲಿ ನೋಡಿದೀನಿ. ಒಳಗೆ ಕಲ್ಲಿನ ಚೂರು, ನೀರು, ಅರೆಯೋಕೆ ಗುಂಡುಗಳು. ತಿರುಗ್ತಾ ತಿರುಗ್ತಾ ನುಣ್ಣಗಾಗುತ್ತೆ. ಎಲ್ಲಾನೂ ಒಂದೇ ಮಿಷನ್‌ಗೆ ತುರುಕಬಾರದು ದೊಡ್ಡಮ್ಮ. ಗಟ್ಟಿ ಕಲ್ಲನ್ನ ಮೊದಲು ಒದ್ದೆ ಮಾಡಿ ಒಡೆದು ಆಮೇಲೆ ಅರೀಬೇಕು. ನಾರಿರೋ ಬೇರನ್ನ ಎಷ್ಟು ಕುಟ್ಟಿದ್ರೂ ಪುಡಿಯಾಗಲ್ಲ, ಕತ್ತರಿಸಬೇಕು. ಎಣ್ಣೆ ಬಿಡೋ ಎಳ್ಳಿನಂಥದು ಬಿಸಿಯಾದ್ರೆ ಅಂಟುತ್ತೆ, ಅದಕ್ಕೆ ನಿಧಾನವೇ ಮದ್ದು. ನೀರಿಗೆ ಸೇರೋ ಬೆಣಚುಕಲ್ಲನ್ನ ನೀರಲ್ಲೇ ಅರೆದುಬಿಡಿ. ಧೂಳು ಏಳೋದೇ ಇಲ್ಲ. ಮೊದಲು ಮಾವನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಣ, ನಡೀರಿ."

ದೊಡ್ಡಾಸ್ಪತ್ರೆಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. "ಕಲ್ಲಿನ ಧೂಳು ಶ್ವಾಸಕೋಶಕ್ಕೆ ಇಳಿದು ಆಗಿರೋದು. ಹೋದ ಬಲ ತಿರುಗಿ ತರೋ ಔಷಧಿ ಇಲ್ಲಮ್ಮ. ಉಳಿದಿರೋದನ್ನ ಉಳಿಸ್ಕೊಳ್ಳಿ. ಇನ್ನು ಆ ಧೂಳಿನ ಹತ್ತಿರ ಇವರು ಸುಳೀಲೇಬಾರದು."

ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಮಡಕೆಯಕ್ಕ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು.

ಮಿಷನ್ ನಿಂತಿತು, ಪೀಪಾಯಿ ಬಂತು. ಮಿಷನ್ ಇದ್ದ ಕೊಟ್ಟಿಗೆಯಲ್ಲಿ ಪೊರಕೆ ಆಡಿಸುವುದನ್ನು ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸತೊಡಗಿದರು. ಸಿಳ್ಳೆ ಮುಂಬಾಗಿಲ ಜಗಲಿಯಲ್ಲಿ ಕೂತು ಜಾಡಿಗಳಿಗೆ ಹೂಬಳ್ಳಿ ಬರೆಯುವ ಕೆಲಸ ಹಿಡಿದ.

ತಿಂಗಳು ಕಳೆದಿರಬಹುದು, ಆಚೆ ಬೀದಿಯ ಹೆಂಚಿನವನು ಬಂದ. "ಅಕ್ಕ, ಆ ಒಣ ಮಿಷನ್ ಸುಮ್ನೆ ಬಿದ್ದಿದೆಯಲ್ಲ, ನನಗೆ ಕೊಟ್ಬಿಡಿ. ಹೆಂಚಿನ ಮೆರುಗಿಗೆ ಕಲ್ಲು ಅರೆಯೋ ಕೆಲಸ ಬೇಗ ಬೇಗ ಆಗುತ್ತೆ."

"ಆಗುತ್ತಪ್ಪ, ಬೇಗ ಆಗುತ್ತೆ," ಎಂದಳು ಮಡಕೆಯಕ್ಕ. "ಆಮೇಲೇನಾಗುತ್ತೆ ಅಂತ ಇವನನ್ನ ಕೇಳು."

ಸಿಳ್ಳೆ ಕುಂಚ ಕೆಳಗಿಟ್ಟ. "ಅಣ್ಣ, ನನಗಿನ್ನೂ ನಲವತ್ತೆರಡು," ಎಂದು ನಿಲ್ಲಿಸಿದ. ಉಸಿರು ಬರುವವರೆಗೆ ಕಾದ. "ನನ್ನ ಪುಟ್ಟ ಮಗಳು ಎತ್ಕೋ ಅಂತ ಕೈ ಚಾಚ್ತಾಳೆ." ಮತ್ತೆ ಕಾದ. "ಕೂತ್ಕೊಂಡೇ ಅಪ್ಕೋತೀನಿ. ಎತ್ಕೊಳ್ಳೋಕಾಗಲ್ಲ."

ಹೆಂಚಿನವನು ಕೊಟ್ಟಿಗೆಯತ್ತ ತಿರುಗಿ ನೋಡಿದ. ಆಮೇಲೆ ಮೆಲ್ಲಗೆ, "ಆ ಪೀಪಾಯಿ ಹ್ಯಾಗೆ ತಿರುಗುತ್ತೆ, ತೋರಿಸಿ ಅಕ್ಕ" ಎಂದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕೊಟ್ಟಿಗೆಯಲ್ಲೂ ಏನೋ ಒಂದು ಪುಡಿಯಾಗುತ್ತಿರಬಹುದು. ಅದು ಎಂಥ ಸಾಮಾನು, ಕೊನೆಗೆ ಯಾವುದಕ್ಕೆ ಸೇರುತ್ತದೆ, ಅರೆಯುವಾಗ ಅದರ ಧೂಳು ಯಾರ ಮೂಗಿಗೆ ಹೋಗುತ್ತದೆ ಎಂದು ಕೇಳಿಕೊಂಡು ಆಮೇಲೆ ಯಾವ ಮಿಷನ್ ಬೇಕೆಂದು ಆರಿಸಿ. ನೀರಿನಲ್ಲಿ ಅರೆಯಬಹುದಾದ ಕಲ್ಲನ್ನು ಒಣಗಿಸಿ ಅರೆಯಬೇಡಿ. ಬಾಯಿಗೆ ಕಟ್ಟಿದ ಬಟ್ಟೆಯನ್ನು ನಂಬಬೇಡಿ. ಈಗಾಗಲೇ ಧೂಳಿನಲ್ಲಿ ದುಡಿದವರಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎದೆ ತೋರಿಸಿ. ಕೆಮ್ಮು ಬರಲಿ, ಆಮೇಲೆ ನೋಡೋಣ ಎಂದು ಕಾಯಬೇಡಿ. ಆ ಒಣ ಮಿಷನ್ ಇವತ್ತೇ ನಿಲ್ಲಿಸಿ.